ಓದಿನಲ್ಲಿ ಬರುವ ‘ಅವರು’ ಯಾರು? – ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಕಳೆದ ವಾರ ನಾಲ್ಕನೆಯ ತರಗತಿಯ ಮಕ್ಕಳಿಗೆ ಎರಡು ಸಾಲು ಓದಲು ಕೊಟ್ಟಿದ್ದೆ: ‘ಗಿರಿಜೆ ಅಜ್ಜಿಯ ಮನೆಗೆ ಹೋದಳು. ಅವರು ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದರು.’ ಓದುವಾಗ ಒಬ್ಬರೂ ತಡವರಿಸಲಿಲ್ಲ. ಆದರೆ ರಂಗೋಲಿ ಹಾಕುತ್ತಿದ್ದುದು ಯಾರೆಂದು ಕೇಳಿದಾಗ ಕೆಲವರು ‘ತುಂಬಾ ಜನ’ ಎಂದರು. ಇದನ್ನು ದಡ್ಡತನವೆನ್ನಲಾರೆ, ‘ಅವರು’ ಬಹುವಚನವೆಂದು ಕಲಿಸಿದವರು ನಾವೇ. ಅದು ಹಿರಿಯರೊಬ್ಬರಿಗೆ ಸಲ್ಲುವ ಗೌರವವೂ ಆಗಬಹುದೆಂಬುದು, ಹಿಂದಿನ ಸಾಲಿನ ಅಜ್ಜಿಯನ್ನು ನೆನಪಿನಲ್ಲಿ ಇರಿಸಿಕೊಂಡ ಮಗುವಿಗೆ ಮಾತ್ರ ಹೊಳೆಯುತ್ತದೆ.

ಕನ್ನಡದಲ್ಲಿ ಕರ್ತೃಪದವನ್ನೇ ಬಿಟ್ಟುಬಿಡುವುದೂ ಉಂಟು. ಮುಂದಿನ ಸಾಲು ‘ಪಕ್ಕದಲ್ಲಿ ಕುಳಿತು ಚುಕ್ಕಿಗಳನ್ನು ಎಣಿಸಿದಳು’ ಎಂದಿದ್ದರೆ ಅಲ್ಲಿ ಯಾರ ಹೆಸರೂ ಇಲ್ಲ. ಅಜ್ಜಿಯಾಗಿದ್ದರೆ ‘ಎಣಿಸಿದರು’ ಎಂದಿರುತ್ತಿತ್ತು ಎಂಬ ತಿಳಿವಳಿಕೆಯೊಡನೆ ಕೂಡಿ, ಕೊನೆಯ ‘ಳು’ ಒಂದೇ ಗಿರಿಜೆಯನ್ನು ತೋರಿಸುತ್ತದೆ. ‘ಸೋಮ ರಾಜುವಿಗೆ ತಾನು ಗೆದ್ದ ಸುದ್ದಿ ತಿಳಿಸಿದ’ ಎಂಬಲ್ಲಿ ಗೆದ್ದವನು ಸೋಮ. ‘ತಾನು’ ತೆಗೆದು ‘ಅವನು’ ಹಾಕಿದರೆ, ಗೆದ್ದವನು ರಾಜುವೋ ಮತ್ತೊಬ್ಬನೋ ಎಂದು ತಿಳಿಯಲು ಹಿಂದಿನ ಸಾಲುಗಳಿಗೆ ಮರಳಬೇಕು.

ಕೆಲವು ಸೂಚನೆಗಳಿಗೆ ಉತ್ತರ ಪುಟದಲ್ಲಿಯೇ ಇರುವುದಿಲ್ಲ. ‘ಅಣ್ಣನನ್ನು ಎಬ್ಬಿಸಲು ಡೋಲು ನಗಾರಿ ತರಿಸುವುದೊಂದು ಬಾಕಿ’ ಎಂದು ಓದಿದಾಗ, ಕುಂಭಕರ್ಣನ ಕಥೆ ಕೇಳಿದ ಮಗು ನಗುತ್ತದೆ. ಕೇಳದ ಮಗು ಡೋಲು ಎಲ್ಲಿಂದ ಬಂತೆಂದು ಮಿಕಮಿಕ ನೋಡುತ್ತದೆ. ಅಮೆರಿಕದಲ್ಲಿ 1988ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 64 ವಿದ್ಯಾರ್ಥಿಗಳು ಬೇಸ್‌ಬಾಲ್ ಪಂದ್ಯದ ವರ್ಣನೆಯನ್ನು ಓದಿದರು. ಓದಿನಲ್ಲಿ ಹಿಂದಿದ್ದರೂ ಆಟವನ್ನು ಬಲ್ಲವರು, ಓದಿನಲ್ಲಿ ಮುಂದಿದ್ದು ಆಟವನ್ನು ಅರಿಯದವರಿಗಿಂತ ಹೆಚ್ಚು ಗ್ರಹಿಸಿದ್ದರು. ನಮ್ಮ ಹುಡುಗರ ಕೈಗೆ ಕ್ರಿಕೆಟ್ ವರದಿ ಕೊಟ್ಟು ನೋಡಿದವರಿಗೆ ಇದು ಹೊಸ ಸಂಗತಿಯೇನಲ್ಲ.

ಆದುದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಎಷ್ಟು ಪುಟ ಮುಗಿಯಿತೆಂದು ಕೇಳುವ ಬದಲು, ಒಂದು ‘ಅವನು’ ಅಥವಾ ‘ಅಲ್ಲಿ’ ಬಂದ ಕಡೆ ನಿಲ್ಲಿಸಿ, ‘ಯಾರು? ಎಲ್ಲಿ? ನಿನಗೆ ಹೇಗೆ ಗೊತ್ತಾಯಿತು?’ ಎಂದು ಕೇಳಿ. ಉತ್ತರ ತಪ್ಪಿದರೆ ತಾವೇ ಹೇಳಿಬಿಡದೆ, ಮಗುವನ್ನು ಒಂದು ಸಾಲು ಹಿಂದಕ್ಕೆ ಕಳುಹಿಸಿ. ದಿನಕ್ಕೆ ಎರಡು ಬಾರಿ ಸಾಕು. ಹೆಚ್ಚಾದರೆ ಕಥೆಯ ರುಚಿ ಕೆಡುತ್ತದೆ. ಓದು ಬಾರದ ಅಜ್ಜ ಅಜ್ಜಿಯರು ಊಟದ ಹೊತ್ತಿನಲ್ಲಿ ಹೇಳುವ ಕಥೆಗಳನ್ನು ದಯವಿಟ್ಟು ಹೋಮ್‌ವರ್ಕ್‌ಗಾಗಿ ನಿಲ್ಲಿಸಬೇಡಿ.

ಮುಂದಿನ ಪೋಷಕರ ಸಭೆಗೆ ಬರುವಾಗ ಮಗು ಎಡವಿದ ಒಂದು ಸಾಲನ್ನು ಬರೆದು ತನ್ನಿ. ತರಗತಿಯಲ್ಲಿ ಅದನ್ನೇ ಪಾಠವಾಗಿ ಬಳಸಿಕೊಳ್ಳುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು