ಕೇಕ್ ಮೇಜಿನ ಬಗ್ಗೆ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನಿನ್ನ ಮದುವೆಗೆ ಅಂತ ನೀನು ಕಳಿಸಿದ ಕೇಕ್ ಚಿತ್ರಗಳನ್ನೆಲ್ಲ ನೋಡಿದೆ. ಚೆನ್ನಾಗಿವೆ, ಆದರೆ ಎಲ್ಲವೂ ಒಂದೇ ಥರ. ತೆರೆದ ಪುಸ್ತಕದ ಆಕಾರದ ಕೇಕ್, ಪಕ್ಕದಲ್ಲಿ ಗರಿ ಪೆನ್ನು, ಒಂದು ಹಳೇ ಟೈಪ್‌ರೈಟರ್. ನಮ್ಮ ಮನೇಲಿ ಗರಿಯಲ್ಲಿ ಬರೆದವರು ಯಾರಿದ್ದಾರೆ ಹೇಳು? ಮದುವೆಯ ಅಲಂಕಾರವೆಲ್ಲ ಸಾಹಿತ್ಯದ್ದು ಅಂತ ಕೇಕ್ ಪುಸ್ತಕದ ವೇಷ ಹಾಕಬೇಕಿಲ್ಲ. ಅದು ಕೇಕ್ ಆಗಿಯೇ ಇರಲಿ, ಸುತ್ತ ನಿಜವಾದ ಪುಸ್ತಕಗಳಿರಲಿ, ಬಂದವರು ಕೈಗೆತ್ತಿಕೊಂಡು ಎರಡು ಪುಟ ಓದುವ ಹಾಗಿರಲಿ.

ಯಾವ ಪುಸ್ತಕ ಅಂತೀಯಾ? ‘ಪಟ್ಟೋಲೆ ಪಳಮೆ’ ಇರಲೇಬೇಕು. ನಡಿಕೇರಿಯಂಡ ಚಿಣ್ಣಪ್ಪನವರು ಜನರ ಬಾಯಲ್ಲಿದ್ದ ಹಾಡುಗಳನ್ನು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದ್ದು, ಕೊಡವ ಮಾತು ಕನ್ನಡ ಅಕ್ಷರದಲ್ಲಿ. ಮದುವೆ ಹಾಡುಗಳೂ ಇವೆ, ಆ ಪುಟವನ್ನೇ ತೆರೆದಿಡು. ಆಮೇಲೆ ಕೊಡಗಿನ ಗೌರಮ್ಮನ ಕಥೆಗಳು. 1939ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 27. ಅಷ್ಟು ದಿಟ್ಟವಾಗಿ ಬರೆದ ಹೆಂಗಸು ಕಥೆಗಳ ಕೆಳಗೆ ಹಾಕುತ್ತಿದ್ದ ಹೆಸರು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’! ಅದಕ್ಕೇ ಹೇಳುತ್ತೇನೆ, ಕೇಕ್ ಮೇಲೆ ನಿನ್ನ ಹೆಸರೇ ಮೊದಲು ಬರಲಿ. ಹುಡುಗನ ಕಡೆಯವರು ಮುಖ ಸಣ್ಣ ಮಾಡಿದರೆ ಅಮ್ಮ ಹೇಳಿದ್ದು ಅಂದುಬಿಡು. ಹುಡುಗನಿಗೆ ಇಷ್ಟವಾದ ಪುಸ್ತಕಗಳೂ ಬರಲಿ, ಇಂಗ್ಲಿಷ್ ಆದರೂ ಪರವಾಗಿಲ್ಲ.

ಪುಸ್ತಕದ ಮೇಲೆ ಮಾತ್ರ ಕೇಕ್ ಇಡಬೇಡ. ಬೆಣ್ಣೆಯ ಜಿಡ್ಡು ಹಾಳೆಗೆ ಇಳಿದರೆ ಹೋಗುವುದಿಲ್ಲ. ಎತ್ತರ ಬೇಕು ಅಂದರೆ ಮರದ ಹಲಗೆ ಸಾಕು.

ಮೇ ತಿಂಗಳು ಬೇರೆ. ಮಧ್ಯಾಹ್ನ ಮಳೆ ಹೊಡೆದರೆ ಗಾಳಿಯೆಲ್ಲ ತೇವ, ಸಕ್ಕರೆ ಹಿಟ್ಟಿನ ಹೊದಿಕೆ, ಅದೇ ಫಾಂಡಂಟ್, ಅಂಟಂಟಾಗುತ್ತದೆ. ಫ್ರಿಜ್ಜಿನಿಂದ ತೆಗೆದು ಹಾಗೇ ಹೊರಗಿಟ್ಟರೆ ಅದರ ಮೇಲೆ ನೀರು ಕೂತು ಹೊಳೆಯುತ್ತದೆ, ಬರೆದ ಬಣ್ಣವೂ ಹರಡುತ್ತದೆ. ಮೈಸೂರಿನಿಂದ ತರಿಸುವುದಾದರೆ ಮೂರು ಅಂತಸ್ತನ್ನೂ ಬೇರೆ ಬೇರೆ ಡಬ್ಬಿಯಲ್ಲಿ ತಂದು ಇಲ್ಲೇ ಜೋಡಿಸಲಿ, ಕುಶಾಲನಗರ ದಾಟಿ ಮಡಿಕೇರಿ ಕಡೆ ಹತ್ತುವ ತಿರುವುಗಳಿಗೆ ಜೋಡಿಸಿದ ಕೇಕ್ ತಡೆಯುವುದಿಲ್ಲ. ಕೆಳಗಿನದರೊಳಗೆ ಕಡ್ಡಿ, ಪ್ರತಿ ಅಂತಸ್ತಿನ ಅಡಿಗೆ ತೆಳು ಹಲಗೆ ಇರಬೇಕು, ಇಲ್ಲದಿದ್ದರೆ ಮೇಲಿನದು ಕೆಳಗಿನದರೊಳಗೆ ಕುಸಿಯುತ್ತದೆ. ಕೆಳಗಿನ ಅಂತಸ್ತು ಥರ್ಮಾಕೋಲಿನದಾದರೂ ಯಾರಿಗೂ ಗೊತ್ತಾಗುವುದಿಲ್ಲ, ದುಡ್ಡೂ ಉಳಿಯುತ್ತದೆ. ಹಂಚುವುದಕ್ಕೆ ಅಡುಗೆಮನೆಯಲ್ಲಿ ಬೇರೆ ಕೇಕ್ ಇಟ್ಟರಾಯಿತು. ಅದಕ್ಕೆ ನಮ್ಮ ಕಿತ್ತಳೆ ಸಿಪ್ಪೆ, ಏಲಕ್ಕಿ ಹಾಕಿಸು. ವೆನಿಲಾ ಎಲ್ಲ ಕಡೆ ಸಿಗುತ್ತದೆ.

ಅಂದ ಹಾಗೆ, ನಮ್ಮ ಮದುವೆ ಶಾಸ್ತ್ರದಲ್ಲಿ ಬಾಳೆ ಕಡಿಯುವ ಕತ್ತಿಯಲ್ಲೇ ಕೇಕ್ ಕತ್ತರಿಸೋಣ ಅಂತ ನಿನ್ನ ಸೋದರಮಾವ ಕುಣಿಯುತ್ತಿದ್ದಾನೆ. ಒಪ್ಪಬೇಡ. ಒಂದೇ ಏಟಿಗೆ ಥರ್ಮಾಕೋಲ್ ತನಕ ಹೋಗುತ್ತಾನೆ.

ಕೊನೆಗೆ, ಕೇಕ್ ಮೇಲೆ ಬರೆಸುವ ಹಾಡಿನ ಸಾಲಿನ ಅಕ್ಷರ. ಕೋನಿನಲ್ಲಿ ಕ್ರೀಮ್ ಹಿಂಡಿ ಒತ್ತಕ್ಷರ ಬರೆಯುವುದು ಕಷ್ಟ, ಸಾಲು ಗಂಟು ಗಂಟಾಗುತ್ತದೆ. ಕೇಕ್ ಜೊತೆ ತಿನ್ನಬಹುದಾದ ಹಾಳೆ ಸಿಗುತ್ತದಲ್ಲ, ಅದರ ಮೇಲೆ ಪ್ರಿಂಟ್ ಹಾಕಿಸು. ಆದರೆ ಸಾಲನ್ನು ಟೈಪ್ ಮಾಡಿ ಕಳಿಸಬೇಡ, ಅವರ ಕಂಪ್ಯೂಟರಿನಲ್ಲಿ ಸರಿಯಾದ ಫಾಂಟ್ ಇಲ್ಲದಿದ್ದರೆ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ. ಚಿತ್ರವಾಗಿಯೇ ಕಳಿಸು. ಅದಕ್ಕೂ ಮೊದಲು ನನಗೆ ವಾಟ್ಸಾಪ್ ಮಾಡು, ತಪ್ಪಿದೆಯಾ ಅಂತ ನೋಡಿ ಹೇಳುತ್ತೇನೆ. ಬೇಕರಿಯವರು ಶುಕ್ರವಾರದೊಳಗೆ ಬೇಕು ಅಂದಿದ್ದಾರಲ್ವಾ?

ಅಮ್ಮ