ಭಾನುವಾರದ ವಿಆರ್ (ವರ್ಚುವಲ್ ರಿಯಾಲಿಟಿ) ಚಿತ್ರಕಲೆ ಅಭ್ಯಾಸಕ್ಕೆ ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10ಕ್ಕೆ ಕದ್ರಿಯ ನಮ್ಮ ಮನೆಯ ಚಾವಡಿಯಲ್ಲಿ ಸೇರೋಣ. ಕಣ್ಣಿಗೆ ಕಟ್ಟಿಕೊಳ್ಳುವ ಹೆಡ್‌ಸೆಟ್ ಇರುವುದು ಎರಡೇ, ಸರದಿ ಪ್ರಕಾರ ಸಿಗುತ್ತದೆ.

ಚಿತ್ರ ಬಿಡಿಸಲು ಓಪನ್ ಬ್ರಶ್ ಎಂಬ ಆ್ಯಪ್ ಬಳಸುತ್ತೇವೆ, ಇದರಲ್ಲಿ ಸುತ್ತಲಿನ ಗಾಳಿಯಲ್ಲೇ ಗೆರೆ ಎಳೆಯಬಹುದು. 2021ರಲ್ಲಿ ಗೂಗಲ್ ತನ್ನ ಟಿಲ್ಟ್ ಬ್ರಶ್‌ನ ಕೋಡನ್ನು ಮುಕ್ತವಾಗಿ ಬಿಟ್ಟುಕೊಟ್ಟಿತಲ್ಲ, ಅದರಿಂದಲೇ ಬೆಳೆದದ್ದು ಇದು. ಕಳೆದ ವಾರ ಯಕ್ಷಗಾನದ ಬಣ್ಣದ ವೇಷದ ಕಿರೀಟವನ್ನು ಗಾಳಿಯಲ್ಲಿ ಬರೆದು ನೋಡಿದೆ. ಎದುರಿನಿಂದ ಚೆನ್ನಾಗಿಯೇ ಇತ್ತು. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಒಂದು ಗೆರೆ ಮೊಳ ಹಿಂದೆ, ಇನ್ನೊಂದು ಮೂಗಿನ ಹತ್ತಿರ, ಕಿರೀಟವೇ ಇಲ್ಲ! ಕಾಗದದ ಮೇಲೆ ಬರೆದು ಅಭ್ಯಾಸವಾದ ಕೈ ಹಾಗೆಯೇ ಮಾಡುತ್ತದೆ. ಒಂದೇ ಕಡೆ ನಿಲ್ಲಬೇಡಿ, ಸುತ್ತ ನಡೆಯುತ್ತಾ ಬರೆಯಿರಿ.

ಸಾಧ್ಯವಾದರೆ ಶನಿವಾರವೇ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್‌ಗೆ ಒಮ್ಮೆ ಹೋಗಿಬನ್ನಿ. ಇಟಲಿಯ ಆಂಟೋನಿಯೊ ಮೊಸ್ಕೆನಿ 1901ರ ಹೊತ್ತಿಗೆ ಬರೆದು ಮುಗಿಸಿದ ಚಿತ್ರಗಳು ಗೋಡೆ, ಛಾವಣಿ ತುಂಬ ಇವೆ. ನಡುವೆ ನಿಂತು ಕತ್ತೆತ್ತಿ ಮೆಲ್ಲಗೆ ಒಂದು ಸುತ್ತು ತಿರುಗಿ. ನೋಡುವವನನ್ನು ಚಿತ್ರದ ಒಳಗೇ ನಿಲ್ಲಿಸುವುದು ಹೇಗೆಂಬುದಕ್ಕೆ ನಮ್ಮೂರಲ್ಲಿ ಅದಕ್ಕಿಂತ ಒಳ್ಳೆಯ ಪಾಠವಿಲ್ಲ ಎಂದೇ ನನ್ನ ನಂಬಿಕೆ. ಫೋನ್ ಜೇಬಿನಲ್ಲೇ ಇರಲಿ.

ಹೆಡ್‌ಸೆಟ್ಟನ್ನು ಅಂಗಳದ ಬಿಸಿಲಲ್ಲಿ ಖಂಡಿತ ಇಡಬೇಡಿ. ಲೆನ್ಸ್ ಮೂಲಕ ಬಿದ್ದ ಬಿಸಿಲು ಒಳಗಿನ ಪರದೆಯನ್ನು ಸುಟ್ಟುಬಿಡುತ್ತದೆ. ತಲೆ ಸುತ್ತಿದರೆ ಕೂಡಲೇ ತೆಗೆದುಬಿಡಿ, ಹಟ ಬೇಡ. ಸೆಕೆಗೆ ಬೆವರುತ್ತದೆ, ಒಂದು ಮೆತ್ತನೆಯ ಬಟ್ಟೆ ತನ್ನಿ.

ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ. ಬನ್ಸ್‌ಗೆ ಹಿಂದಿನ ರಾತ್ರಿಯೇ ಹಿಟ್ಟು ಕಲಸಬೇಕು, ಎಷ್ಟು ಜನ ಎಂದು ಅಮ್ಮ ಕೇಳುತ್ತಿದ್ದಾರೆ.