ಮಗಳಿಗೊಂದು ಪತ್ರ: ಹೊಗಳಿಕೆ ತೆಗೆ, ಲೆಕ್ಕ ಬರೆ

ಉಡುಪಿ

ಪುಟ್ಟಿ,

ವಾರ್ಡಿಗೆ ಹೆಚ್ಚು ನರ್ಸುಗಳು ಬೇಕು ಅಂತ ನೀವೆಲ್ಲ ಸೇರಿ ಆಸ್ಪತ್ರೆಯ ಮ್ಯಾನೇಜ್‌ಮೆಂಟಿಗೆ ಕೊಡುವ ಮನವಿಯ ಕರಡು ಓದಿದೆ. ಫೋನಿನಲ್ಲಿ ಹೇಳಿದರೆ ಡ್ಯೂಟಿ ಮುಗಿಸಿದ ಸುಸ್ತಿನಲ್ಲಿ "ಹ್ಞೂಂ, ಹ್ಞೂಂ" ಅನ್ನುತ್ತೀ, ಮತ್ತೆ ಮರೆತುಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲನೇ ಪ್ಯಾರಾ ಪೂರ್ತಿ ತೆಗೆ. ಸೇವೆ, ತ್ಯಾಗ, ತಾಯಿಯ ಮನಸ್ಸು, ದೀಪ ಹಿಡಿದ ನೈಟಿಂಗೇಲ್. ಇದನ್ನೆಲ್ಲ ಪ್ರತಿ ವರ್ಷ ಮೇ 12ಕ್ಕೆ, ನರ್ಸುಗಳ ದಿನ ಅಂತ, ಮ್ಯಾನೇಜ್‌ಮೆಂಟಿನವರೇ ನಮಗೆ ಹೇಳುತ್ತಾರೆ. ಕೇಕ್ ಕತ್ತರಿಸಿ, ಒಂದು ಗುಲಾಬಿ ಕೊಟ್ಟು, ಮರುದಿನ ಅದೇ ಡ್ಯೂಟಿ ಲಿಸ್ಟ್. ಅವರ ಮಾತನ್ನು ನಾವೇ ಅವರಿಗೆ ವಾಪಸ್ ಬರೆದುಕೊಟ್ಟರೆ ಎಂಥ ಪ್ರಯೋಜನ ಮಾರಾಯ್ತಿ? ನೈಟಿಂಗೇಲ್ ಬೇಕೇ ಬೇಕು ಅಂತಾದರೆ ಅವರ ದೀಪ ಬಿಡು, ಲೆಕ್ಕ ಹಿಡಿ. 1854ರಲ್ಲಿ ಯುದ್ಧದ ಆಸ್ಪತ್ರೆಗೆ ಹೋದ ಆ ಹೆಂಗಸು ಯಾವ ಸೈನಿಕ ಗಾಯದಿಂದ ಸತ್ತ, ಯಾವನು ಕೊಳಕಿನಿಂದ ಬಂದ ಕಾಯಿಲೆಯಿಂದ ಸತ್ತ ಅಂತ ಅಂಕಿ ಸೇರಿಸಿ, ಚಿತ್ರ ಬಿಡಿಸಿ ಸರಕಾರದ ಮುಂದೆ ಇಟ್ಟವರು. ಅವರಿಗೆ ಅಲ್ಲಿ ಬೆಲೆ ಬಂದದ್ದು ಆ ಅಂಕಿಗಳಿಂದ.

ಎರಡನೇ ಪ್ಯಾರಾದಲ್ಲಿ "ಸಾಕಷ್ಟು ಸಿಬ್ಬಂದಿ ಒದಗಿಸಬೇಕು" ಅಂತ ಬರೆದಿದ್ದೀ. ಸಾಕಷ್ಟು ಅಂದರೆ ಎಷ್ಟು? ಅವರು "ನಮ್ಮಲ್ಲಿ ಸಾಕಷ್ಟು ಇದ್ದಾರಲ್ಲ" ಅಂದರೆ ಅಲ್ಲಿಗೆ ಮುಗಿಯಿತು. ಆಸ್ಪತ್ರೆಯ ಒಟ್ಟು ನರ್ಸುಗಳನ್ನು ಒಟ್ಟು ಬೆಡ್‌ಗಳ ಎದುರು ಇಟ್ಟು ತೋರಿಸುತ್ತಾರೆ. ಆ ಒಟ್ಟಿನಲ್ಲಿ ಓಪಿಡಿಯವರೂ ಇರುತ್ತಾರೆ, ಆಪರೇಷನ್ ಥಿಯೇಟರಿನವರೂ ಇರುತ್ತಾರೆ, ಆಫೀಸಿನಲ್ಲಿ ಫೈಲ್ ನೋಡುವವರೂ ಇರುತ್ತಾರೆ. ರಾತ್ರಿ ಎರಡು ಗಂಟೆಗೆ ನಿನ್ನ ವಾರ್ಡಿನಲ್ಲಿ ಇರುವುದು ಮಾತ್ರ ನೀನು, ಇನ್ನೊಬ್ಬಳು.

ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನ ಮಾನದಂಡ ಕಲಿಯುವಾಗ ಬಾಯಿಪಾಠ ಮಾಡಿದ್ದೀ. ಮೆಡಿಕಲ್ ಕಾಲೇಜಿನ ಆಸ್ಪತ್ರೆಯ ಜನರಲ್ ವಾರ್ಡಿಗೆ 1:3, ಅಂದರೆ ಮೂರು ಬೆಡ್‌ಗೆ ಒಬ್ಬ ನರ್ಸ್, ಬೇರೆ ಆಸ್ಪತ್ರೆಗೆ 1:5, ಐಸಿಯುಗೆ 1:1, ಇದರ ಮೇಲೆ ರಜೆಗೆಂದು ಶೇ. 30 ಹೆಚ್ಚು ಜನ. ಪರೀಕ್ಷೆಗೆ ಇಷ್ಟು ಸಾಕು. ಮನವಿಗೆ ಸಾಲದು. ಆ ಪಟ್ಟಿಯಲ್ಲಿ 1:3ರ ಪಕ್ಕದಲ್ಲೇ "ಒಂದು ಶಿಫ್ಟಿಗೆ 1:9" ಅಂತಲೂ ಉಂಟು. ಅಂದರೆ ಆ ಮೂರು ಅನ್ನುವುದು ದಿನದ ಮೂರೂ ಶಿಫ್ಟ್ ಸೇರಿಸಿದ ಲೆಕ್ಕ. ನೀವು ಬರೇ 1:3 ಅಂತ ಬರೆದರೆ ಅವರು ಪಕ್ಕದ ಆ 1:9 ಅನ್ನೇ ಎತ್ತಿ ತೋರಿಸುತ್ತಾರೆ. ಅದಕ್ಕೆ ಮೊದಲೇ ನೀವು ಒಂಬತ್ತನ್ನೇ ಹಿಡಿಯಿರಿ. ನಿಮ್ಮ ಮೆಡಿಕಲ್ ಕಾಲೇಜಿನ ವಾರ್ಡಿನಲ್ಲಿ 27 ಬೆಡ್. ಒಬ್ಬರಿಗೆ ಒಂಬತ್ತು ಅಂದರೂ ರಾತ್ರಿಗೆ ಮೂವರು ಬೇಕು. ಇರುವುದು ಇಬ್ಬರು. ಕಡಿಮೆ ಕೇಳುವ ಮಾನದಂಡಕ್ಕೇ ಅವರು ಮುಟ್ಟಿಲ್ಲ ಅಂತ ಅಲ್ಲಿಗೆ ಗೊತ್ತಾಗುತ್ತದೆ.

ಒಬ್ಬ ನರ್ಸ್ ಸದಾ ವಾರ್ಡಿನಲ್ಲಿ ಇರಬೇಕಾದರೆ ಎಷ್ಟು ಜನ ಬೇಕು ಅನ್ನುವುದನ್ನೂ ಬರೆ. ವಾರಕ್ಕೆ 21 ಶಿಫ್ಟ್. ಒಬ್ಬಳು ಮಾಡುವುದು ಆರು. ಅಲ್ಲಿಗೆ ಮೂರೂವರೆ ಜನ. ರಜೆಯ ಶೇ. 30 ಸೇರಿಸಿದರೆ ನಾಲ್ಕೂವರೆಯ ಮೇಲೆ. ಶಿಫ್ಟಿಗೆ ಮೂವರು ಬೇಕು ಅಂದರೆ ಹದಿನಾಲ್ಕು ಹೆಸರು ಲಿಸ್ಟಿನಲ್ಲಿ ಇರಬೇಕು. ನಿಮ್ಮ ಲಿಸ್ಟಿನಲ್ಲಿ ಎಂಟು, ಅದರಲ್ಲೂ ಒಬ್ಬಳು ಹೆರಿಗೆ ರಜೆಯಲ್ಲಿ. ಮತ್ತೆ ಯಾರಿಗಾದರೂ ಜ್ವರ ಬಂದರೆ "ಇನ್ನೊಂದು ನೈಟ್ ಮಾಡು ಸಿಸ್ಟರ್, ಅಡ್ಜಸ್ಟ್ ಮಾಡಿಕೊಳ್ಳಿ" ಅನ್ನದೆ ಇನ್‌ಚಾರ್ಜ್ ಆದರೂ ಎಂಥ ಮಾಡುತ್ತಾಳೆ? ಅವಳ ಮೇಲೆ ಸಿಟ್ಟು ಮಾಡಬೇಡ. ಇಲ್ಲದ ಹೆಸರನ್ನು ಅವಳು ಎಲ್ಲಿಂದ ಹಾಕುವುದು?

ಸ್ಟೂಡೆಂಟ್‌ಗಳನ್ನು ಲೆಕ್ಕಕ್ಕೆ ಸೇರಿಸಬಾರದು ಅಂತ ಸ್ಪಷ್ಟವಾಗಿ ಬರೆಯಿರಿ. ನಮ್ಮ ಮಂಗಳೂರಿನಲ್ಲಿ ನರ್ಸಿಂಗ್ ಕಾಲೇಜಿಗೆ ಬರವಿಲ್ಲ. ಯೂನಿಫಾರ್ಮ್ ಹಾಕಿದ ಹುಡುಗಿಯರು ವಾರ್ಡಿನ ತುಂಬ ಓಡಾಡುತ್ತಿದ್ದರೆ ನೋಡುವವರಿಗೆ "ಎಷ್ಟೊಂದು ಸಿಸ್ಟರ್‌ಗಳು" ಅಂತ ಕಾಣುತ್ತದೆ. ಅವರು ಕಲಿಯಲು ಬಂದವರು. ಅವರಿಗೆ ಕಲಿಸುವುದೂ ನಿನ್ನದೇ ಕೆಲಸ.

ಇನ್ನು, ಕೆಲಸದ ಹೊರೆ ಜಾಸ್ತಿ ಅಂದರೆ ಆಫೀಸಿನವರಿಗೆ ಅರ್ಥ ಆಗುವುದಿಲ್ಲ. ಒಂದು ಇಂಜೆಕ್ಷನ್ ಹಿಡಿದು ವಿವರಿಸು. ಮಳೆಗಾಲ ಬಂತು, ವಾರ್ಡಿನಲ್ಲಿ ಇಲಿಜ್ವರದವರು. ಅವರಿಗೆ ಸೆಫ್ಟ್ರಿಯಾಕ್ಸೋನ್ ಅನ್ನುವ ಆಂಟಿಬಯಾಟಿಕ್, ಒಂದು ಗ್ರಾಮ್. ಫೈಲ್ ನೋಡಬೇಕು, ಹೆಸರು ಕೇಳಬೇಕು, ಅಲರ್ಜಿ ಉಂಟಾ ಅಂತ ನೋಡಬೇಕು. ವಯಲ್‌ಗೆ ಹತ್ತು ಎಂಎಲ್ ಸ್ಟೆರೈಲ್ ವಾಟರ್ ಹಾಕಿ ಪುಡಿ ಪೂರ್ತಿ ಕರಗುವ ತನಕ ಅಲ್ಲಾಡಿಸಬೇಕು. ರಕ್ತನಾಳಕ್ಕೆ ಕ್ಯಾನುಲಾ ಕೊಳವೆ ಹಾಕಿದ ಕೈ ಊದಿದೆಯಾ ಅಂತ ಮುಟ್ಟಿ ನೋಡಬೇಕು. ಕೊಳವೆಗೆ ಸಲೈನ್ ಬಿಟ್ಟು ಫ್ಲಶ್ ಮಾಡಿ, ಎರಡರಿಂದ ನಾಲ್ಕು ನಿಮಿಷ ನಿಧಾನ ತಳ್ಳಬೇಕು. ಮತ್ತೆ ಫ್ಲಶ್, ಮತ್ತೆ ಕೈ ತೊಳೆ, ಸಹಿ ಹಾಕು. ಸರಿಯಾಗಿ ಮಾಡಿದರೆ ಆರು ನಿಮಿಷಕ್ಕೆ ಕಡಿಮೆ ಇಲ್ಲ. ಅಂಥವರು ಹತ್ತು ಜನ ಇದ್ದರೆ ಒಂದು ಗಂಟೆ, ಅದೂ ನಡುವೆ ಯಾರೂ ಕರೆಯದಿದ್ದರೆ. ಆ ಒಂದು ಗಂಟೆ ಡೆಂಗಿಯವರ ಬಿಪಿ ಯಾರು ನೋಡುವುದು? ಎಚ್ಚರಿಕೆಯ ಲಕ್ಷಣ ಇರುವ ಡೆಂಗಿ ರೋಗಿಯ ನಾಡಿ, ಬಿಪಿ, ಮೂತ್ರದ ಪ್ರಮಾಣ ಮತ್ತೆ ಮತ್ತೆ ನೋಡುತ್ತಲೇ ಇರಬೇಕು. ಬೆಡ್ ಒಂದೇ, ಕೆಲಸ ಮೂರು ಪಟ್ಟು. ಹಾಗಾಗಿ ಒಂಬತ್ತು ಅನ್ನುವುದು ದಾಟಬಾರದ ಗೆರೆ, ಕಷ್ಟದ ರೋಗಿಗಳಿದ್ದರೆ ಅದಕ್ಕಿಂತಲೂ ಕಡಿಮೆ ಇರಬೇಕು ಅಂತ ಒಂದು ಸಾಲು ಸೇರಿಸು.

27 ಬೆಡ್‌ಗೆ ಇಬ್ಬರೇ ಆಗಿ, ಒಬ್ಬಳೇ ಇಷ್ಟು ಕೆಲಸವನ್ನು ಹದಿನಾಲ್ಕು ರೋಗಿಗಳಿಗೆ ಮಾಡುವಾಗ ಏನು ಬಿಟ್ಟುಹೋಗುತ್ತದೆ ಗೊತ್ತಾ? ಇಂಜೆಕ್ಷನ್ ಬಿಡುವುದಿಲ್ಲ, ಅದಕ್ಕೆ ಚಾರ್ಟಿನಲ್ಲಿ ಜಾಗ ಉಂಟು. ಮಗ್ಗುಲು ಬದಲಿಸುವುದು, ಬಾಯಿ ಒರೆಸುವುದು, ಎರಡು ಮಾತು ಕೇಳುವುದು ಹೋಗುತ್ತದೆ. ರೋಗಿಗಳೂ ನಮ್ಮನ್ನು ನೋಡಿ ಕರೆಯುವುದನ್ನೇ ಬಿಡುತ್ತಾರೆ. ನಾನು ಕೆಲಸದಲ್ಲಿದ್ದಾಗ ಒಬ್ಬರು ಅಜ್ಜಿ ಇದ್ದರು, ತುಳು ಬಿಟ್ಟು ಬೇರೆ ಭಾಷೆ ಬಾರದು. "ಒಂತೆ ನೀರ್ ಕೊರ್ಲೆ" (ಸ್ವಲ್ಪ ನೀರು ಕೊಡಿ) ಅಂತ ಕೇಳಲೂ ನಾಚಿಕೊಳ್ಳುವವರು. ನನ್ನ ಜೊತೆಯವಳ ನೈಟ್‌ನಲ್ಲಿ, ಸಿಸ್ಟರ್ ಪಾಪ ಓಡುತ್ತಿದ್ದಾಳೆ ಅಂತ ಕರೆಯದೆ ತಾನೇ ಎದ್ದು ಬಾತ್‌ರೂಮಿಗೆ ಹೋಗಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ರಿಪೋರ್ಟಿನಲ್ಲಿ ಕಾರಣದ ಜಾಗದಲ್ಲಿ ಬರೆದದ್ದು ಏನು ಗೊತ್ತಾ? "ರೋಗಿ ತಿಳಿಸದೆ ಎದ್ದಿದ್ದಾರೆ." ಆ ರಾತ್ರಿ ಆ ಸಿಸ್ಟರ್ ಕೈಯಲ್ಲಿ ಎಷ್ಟು ರೋಗಿಗಳಿದ್ದರು ಅಂತ ಬರೆಯಲು ಆ ಫಾರ್ಮಿನಲ್ಲಿ ಜಾಗವೇ ಇರಲಿಲ್ಲ.

ಅದಕ್ಕೆ ನಿಮ್ಮ ಬೇಡಿಕೆಗಳಲ್ಲಿ ಇದೊಂದನ್ನು ಸೇರಿಸು: ಬೀಳುವುದಿರಲಿ, ಔಷಧಿ ತಪ್ಪುವುದಿರಲಿ, ಪ್ರತಿ ರಿಪೋರ್ಟಿನಲ್ಲೂ ಆ ಶಿಫ್ಟಿನ ರೋಗಿಗಳೆಷ್ಟು, ನರ್ಸುಗಳೆಷ್ಟು ಅಂತ ಒಂದು ಕಾಲಂ ಬೇಕು. ಖರ್ಚಿಲ್ಲದ ಬೇಡಿಕೆ. ಇಲ್ಲ ಅನ್ನಲು ಅವರಿಗೆ ಕಾರಣ ಸಿಗುವುದಿಲ್ಲ. ಒಂದು ವರ್ಷ ಆ ಕಾಲಂ ತುಂಬಿದರೆ ಮುಂದಿನ ಮನವಿಯನ್ನು ಅದೇ ಬರೆಯುತ್ತದೆ. ಅಲ್ಲಿಯ ತನಕ ಶಿಫ್ಟ್ ಬದಲಾಗುವಾಗಿನ ಹ್ಯಾಂಡೋವರ್ ಪುಸ್ತಕದಲ್ಲೇ ದಿನಾ ಬರೆದಿಡಿ. ರೋಗಿಗಳ ಹೆಸರು ಎಲ್ಲೂ ಹೊರಗೆ ಹೋಗಬಾರದು, ಸಂಖ್ಯೆ ಮಾತ್ರ. ವಾಟ್ಸಾಪಿನಲ್ಲಿ ವಾರ್ಡಿನ ಫೋಟೋ ಹಾಕುವವಳು ಯಾರಾದರೂ ಇದ್ದರೆ ಈಗಲೇ ನಿಲ್ಲಿಸು.

ಹೊರದೇಶದ ಉದಾಹರಣೆ ಜಾಸ್ತಿ ಬೇಡ, ಎರಡು ಸಾಕು. ನರ್ಸಿಂಗ್ ಸಂಶೋಧಕಿ ಲಿಂಡಾ ಏಕನ್ ಮತ್ತು ಜೊತೆಯವರು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮಾಡಿದ 2002ರ ಅಧ್ಯಯನ: ಒಬ್ಬ ನರ್ಸಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, ಆಪರೇಷನ್ ಆದವರು 30 ದಿನದೊಳಗೆ ಸಾಯುವ ಸಾಧ್ಯತೆ ಶೇ. 7 ಏರುತ್ತದೆ. ಅವರು ನಾಲ್ಕು ರೋಗಿ, ಎಂಟು ರೋಗಿ ಅಂತ ಹೋಲಿಸಿದ್ದರು. ನಮ್ಮ ಹದಿನಾಲ್ಕು ಅವರ ಕಣ್ಣಿಗೇ ಬಿದ್ದಿರಲಿಲ್ಲ! ಇನ್ನೊಂದು ಕ್ಯಾಲಿಫೋರ್ನಿಯಾ. ಒಬ್ಬ ನರ್ಸಿಗೆ ಇಷ್ಟೇ ರೋಗಿಗಳು ಅಂತ 1999ರಲ್ಲಿ ಅಲ್ಲಿ ಕಾನೂನಾಯಿತು, ಜಾರಿಗೆ ಬಂದದ್ದು 2004ರಲ್ಲಿ. ಸಾಮಾನ್ಯ ವಾರ್ಡಿನಲ್ಲಿ ಒಬ್ಬರಿಗೆ ಐದಕ್ಕಿಂತ ಹೆಚ್ಚಿಲ್ಲ ಅನ್ನುವ ಹಂತ ಬರುವಾಗ ಗವರ್ನರ್ ಶ್ವಾರ್ಜನೆಗರ್ ತಡೆ ಹಾಕಲು ನೋಡಿದರು, ಸಿನಿಮಾದ ಅದೇ ಹೀರೋ. ನರ್ಸುಗಳು ಕೋರ್ಟಿಗೆ ಹೋಗಿ 2005ರಲ್ಲಿ ಗೆದ್ದರು. ಕಾನೂನು ಆದ ಮೇಲೂ ಆರು ವರ್ಷ ಬಿಡದೆ ಹಿಡಿದರು ಅಂತ ನಿನ್ನ ಜೊತೆಯವರಿಗೆ ಹೇಳು. ಒಂದು ಮನವಿ ಕೊಟ್ಟು, ವಾರದಲ್ಲಿ ಉತ್ತರ ಬರಲಿಲ್ಲ ಅಂತ ಸಪ್ಪೆಯಾಗುವವರು ಜಾಸ್ತಿ.

ಸಂಬಳದ ಪ್ಯಾರಾ ಇದರಲ್ಲಿ ಬೇಡ. ಆ ಬೇಡಿಕೆ ನ್ಯಾಯದ್ದೇ. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರದ ಸಮಿತಿ ಖಾಸಗಿ ಆಸ್ಪತ್ರೆಗಳಲ್ಲಿ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಅಂತ ಶಿಫಾರಸು ಮಾಡಿತು. ತಲಪಾಡಿ ದಾಟಿದರೆ ಕೇರಳ, ಅಲ್ಲಿ ನರ್ಸುಗಳು ಬೀದಿಗಿಳಿದು ಹೋರಾಡಿ 2018ರಲ್ಲಿ ಅದಕ್ಕೆ ಸರಕಾರದ ಆದೇಶವನ್ನೇ ತಂದರು. ಸಂಬಳ ಕಡಿಮೆ ಅಂತ ಎರಡು ವರ್ಷ ಅನುಭವ ಆದ ಕೂಡಲೇ ಎಲ್ಲರೂ ಗಲ್ಫ್, ಜರ್ಮನಿ ಅಂತ ಹೊರಡುವುದರಿಂದಲೇ ವಾರ್ಡು ಖಾಲಿಯಾಗುವುದು, ಅದೂ ನಿಜ. ಆದರೆ ಒಂದೇ ಪತ್ರದಲ್ಲಿ ಎರಡೂ ಇದ್ದರೆ "ದುಡ್ಡಿಗೋಸ್ಕರ ರೋಗಿಗಳ ಹೆಸರು ಹೇಳುತ್ತಿದ್ದಾರೆ" ಅಂತ ಒಂದೇ ಮಾತಿನಲ್ಲಿ ಬದಿಗೆ ಸರಿಸುತ್ತಾರೆ. ಅದಕ್ಕೆ ಬೇರೆ ಪತ್ರ, ಬೇರೆ ದಿನ.

ಕಪ್ಪು ಪಟ್ಟಿ ಕಟ್ಟುವ ಯೋಚನೆ ಸರಿ. ಕೆಲಸ ನಿಲ್ಲಿಸುವ ಮಾತು ಈಗ ಬೇಡ. ಹೊರಗೆ ನಿಲ್ಲುವಾಗ ರೋಗಿಗಳ ಮನೆಯವರ ಹತ್ತಿರ ಮಾತಾಡಿ. ರಾತ್ರಿ ಡ್ರಿಪ್ ಮುಗಿದು ನಿಮ್ಮನ್ನು ಹುಡುಕಿಕೊಂಡು ಬರುವವರು ಅವರೇ ತಾನೇ, ಅವರಿಗೆ ಬೇಗ ಅರ್ಥವಾಗುತ್ತದೆ.

ಅಪ್ಪನಿಗೆ ಇದೆಲ್ಲ ಸುಮ್ನೆ ರಗಳೆ. "ಕೆಲಸ ಹೋದರೆ ಎಂಥ ಮಾಡುವುದು" ಅಂತ ಊಟಕ್ಕೆ ಕೂತಲ್ಲೆಲ್ಲ ಅದೇ ಮಾತು. ಹೆದರಿಕೆ ನನಗೂ ಉಂಟು. ಒಬ್ಬಳನ್ನು ತೆಗೆಯುವುದು ಸುಲಭ. ಜನ ಸಿಗದ ಈ ಕಾಲದಲ್ಲಿ ನಲವತ್ತು ಜನರನ್ನು ಒಟ್ಟಿಗೆ ತೆಗೆದರೆ ಆಸ್ಪತ್ರೆಯೇ ಮುಚ್ಚಬೇಕು. ಹಾಗಾಗಿ ನಲವತ್ತು ಸಹಿ ಆಗದೆ ಕೊಡಬೇಡಿ. ಸಹಿಗಳನ್ನು ಸಾಲಾಗಿ ಹಾಕದೆ ಸುತ್ತಲೂ ವೃತ್ತದ ಹಾಗೆ ಹಾಕಿ, ಮೊದಲು ಹಾಕಿದವಳು ಯಾರು ಅಂತ ಗೊತ್ತಾಗಬಾರದು. ಕೊಟ್ಟ ಮೇಲೆ ನಿಮ್ಮ ಪ್ರತಿಯಲ್ಲಿ ಸೀಲ್, ತಾರೀಕು ಹಾಕಿಸಿಕೊಳ್ಳಿ. ಬಾಯಿಮಾತಲ್ಲಿ "ತಲುಪಿತು" ಅಂದರೆ ತಲುಪಲಿಲ್ಲ ಅಂತಲೇ ಅರ್ಥ. ಇನ್ನೊಂದು ಪ್ರತಿ ಡಿಸಿ ಆಫೀಸಿಗೆ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲಿ (ಕೆಪಿಎಂಇ) ಖಾಸಗಿ ಆಸ್ಪತ್ರೆಗಳ ನೋಂದಣಿ ಜಿಲ್ಲಾ ಪ್ರಾಧಿಕಾರದ ಕೈಯಲ್ಲಿ, ಅದಕ್ಕೆ ಡಿಸಿಯೇ ಅಧ್ಯಕ್ಷರು.

ವಾರ್ಡ್‌ವಾರು ಲೆಕ್ಕ ಶನಿವಾರದೊಳಗೆ ಕಳಿಸು. ಟೈಪ್ ಮಾಡುವುದು ಅಪ್ಪನೇ ಅಂತೆ, ಅವರೇ ಹೇಳಿದರು, ನಾನು ಕೇಳಿರಲಿಲ್ಲ. ನೈಟ್ ಮುಗಿಸಿ ಬರುವುದಾದರೆ ಬಸ್ಸು ಹತ್ತುವಾಗಲೇ ಕಂಡಕ್ಟರಿಗೆ ಉಡುಪಿಯಲ್ಲಿ ಎಬ್ಬಿಸಲು ಹೇಳಿಡು. ಹೋದ ಸಲದ ಹಾಗೆ ನಿದ್ದೆಯಲ್ಲಿ ಕುಂದಾಪುರಕ್ಕೆ ಹೋಗುವುದು ಬೇಡ.

ಅಮ್ಮ